ವಿಕಿರಣ ವೀರರು (ಕಾಮಿಕ್ಸ್)

ವಿಕಿರಣದಿಂದ ಅತಿಮಾನುಷ ಶಕ್ತಿ ಪಡೆದು, ಅದೇ ಶಕ್ತಿಯಿಂದ ಸುತ್ತಲಿನವರಿಗೆ ಅಪಾಯ ತರುವ ಕಾಮಿಕ್ಸ್ ನಾಯಕರು. ಅಣುಬಾಂಬಿನ ಭಯ ಕವಿದಿದ್ದ ಅಮೆರಿಕದಲ್ಲಿ ಇವರಿಗೆ ಬೇಡಿಕೆ ಕುದುರಿತು. 1960ರಲ್ಲಿ ಕ್ಯಾಪ್ಟನ್ ಆಟಮ್, 1962ರಲ್ಲಿ ಹಲ್ಕ್ ಬಂದರು. ವಿಕಿರಣದ ಅಪಾಯವನ್ನು ಕಥೆಯ ನಡುವಿಗೇ ತಂದವನು ಮಾತ್ರ 1962ರ ಡಾಕ್ಟರ್ ಸೋಲಾರ್. ರಿಯಾಕ್ಟರ್ ದುರಂತದಲ್ಲಿ ಬದುಕುಳಿದ ಈ ಭೌತವಿಜ್ಞಾನಿಗೆ ವಿಕಿರಣವೇ ಆಹಾರ. ಶಕ್ತಿ ಬಳಸಿದಾಗ ಅವನ ಮೈ ಹಸಿರಾಗುತ್ತದೆ. ಪ್ರೀತಿಸಿದವಳೂ ಹತ್ತಿರ ಸುಳಿಯುವಂತಿಲ್ಲ. ಮೊದಮೊದಲು ಅವನಿಗೆ ಬಿಳಿ ಕೋಟು, ಕಪ್ಪು ಕನ್ನಡಕ ಅಷ್ಟೇ. ಕೆಂಪು ಉಡುಪು ಬಂದದ್ದು 5ನೇ ಸಂಚಿಕೆಯಲ್ಲಿ. ಬಿಳಿ ಕೋಟಿನವನೇ ಹೆಚ್ಚು ನಂಬುವಂತಿದ್ದ.

ಭಾರತದಲ್ಲಿ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆ ಕಾಮಿಕ್ಸ್ ಮಾಲೆ ಈ ದಾರಿ ಹಿಡಿಯದೆ ಪುರಾಣ, ಇತಿಹಾಸಗಳತ್ತ ಹೊರಳಿತು.

ಕಥೆ ಹಾಗಿರಲಿ, ನಿಜವಾದ ವಿಕಿರಣವಂತೂ ಮಂಗಳೂರಿನ ಬಳಿಯ ತೊಕ್ಕೊಟ್ಟಿನ ಆಸುಪಾಸಿನಲ್ಲೇ ಇದೆ. ತೊಕ್ಕೊಟ್ಟು ಜಂಕ್ಷನ್ನಿನಿಂದ ಕಡಲ ಕಡೆಗೆ ಹೋದರೆ ಉಳ್ಳಾಲ. ಅಲ್ಲಿನ ಮರಳಿನಲ್ಲಿ ಥೋರಿಯಂ ಇರುವ ಮೋನಜೈಟ್ ಬೆರೆತಿದ್ದು, ಕೆಲವೆಡೆ ನೈಸರ್ಗಿಕ ವಿಕಿರಣ ಸಾಮಾನ್ಯಕ್ಕಿಂತ ಹೆಚ್ಚು. ಇದನ್ನು ಅಳೆದು 1993ರಲ್ಲಿ ಪ್ರಕಟಿಸಿದವರು ದೇರಳಕಟ್ಟೆಯಾಚೆಯ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು. ವಿಕಿರಣ ಸಂಶೋಧನೆಗೆ ಬಳಸುವ ಅದೇ ಕ್ಯಾಂಪಸ್ಸಿನ ಮೈಕ್ರೊಟ್ರಾನ್ ಯಂತ್ರ ಎಲೆಕ್ಟ್ರಾನ್‌ಗಳನ್ನು 8 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಏರಿಸುತ್ತದೆ.

ಕಾಮಿಕ್ಸ್‌ನಲ್ಲಿ ಶಕ್ತಿ ಕೊಡುವ ವಿಕಿರಣ, ನಿಜದಲ್ಲಿ ಅತಿಯಾದರೆ ಡಿಎನ್‌ಎಯನ್ನು ತುಂಡರಿಸುತ್ತದೆ. ಮೊದಲ ಪೆಟ್ಟು ಅಸ್ಥಿಮಜ್ಜೆ, ಕರುಳುಗಳಿಗೆ. ಇನ್ನೊಂದು ಮಾತು: ಗಾಮಾ ಕಿರಣ ತಾಗಿದ ಮಾತ್ರಕ್ಕೆ ದೇಹ ತಾನೇ ವಿಕಿರಣ ಸೂಸುವುದಿಲ್ಲ. ವಿಕಿರಣಶೀಲ ವಸ್ತು ಮೈಗೆ ಅಂಟಿದಾಗ, ಇಲ್ಲವೇ ಒಳಗೆ ಸೇರಿದಾಗಲೇ ಆ ವ್ಯಕ್ತಿಯಿಂದ ಇತರರಿಗೆ ಅಪಾಯ.