ಗಲ್ಲಿಗೇರಿದವನ ಕಡತ ತೆರೆದ ಲೇಖನಿಗಳು

ಕೊಲೆಯ ಸುದ್ದಿಗೆ ಓದುಗರ ಬರ ಎಂದೂ ಇಲ್ಲ. ಆರೋಪಿ ಸಿಕ್ಕಿ, ವಿಚಾರಣೆ ಮುಗಿದು, ಶಿಕ್ಷೆಯೂ ಆಯಿತೆಂದರೆ ಪೊಲೀಸರು ಕಡತ ಮುಚ್ಚುತ್ತಾರೆ, ಜನ ಮರೆಯುತ್ತಾರೆ. ಮುಚ್ಚಿದ ಆ ಕಡತವನ್ನು ಪತ್ರಕರ್ತರೋ ಸಾಹಿತಿಗಳೋ ಮತ್ತೆ ತೆರೆದರೆ? ಬಹಳಷ್ಟು ಸಲ ಒಂದು ರೋಚಕ ಪುಸ್ತಕ ಹುಟ್ಟುತ್ತದೆ, ಅಷ್ಟೆ. ಆದರೆ ಕೆಲವೊಮ್ಮೆ ನ್ಯಾಯಾಲಯವೇ ಎಡವಿತ್ತೆಂಬ ಸತ್ಯ ಹೊರಬೀಳುತ್ತದೆ.

ಬ್ರಿಟನ್ನಿನಲ್ಲಿ ಈ ಪರಂಪರೆ ಹಳೆಯದು. 1908ರಲ್ಲಿ ಗ್ಲಾಸ್ಗೋ ನಗರದಲ್ಲಿ ವೃದ್ಧೆಯೊಬ್ಬರ ಕೊಲೆಯಾಯಿತು. ಆಸ್ಕರ್ ಸ್ಲೇಟರ್ ಎಂಬಾತನಿಗೆ ಮರಣದಂಡನೆ ವಿಧಿಸಲಾಯಿತು. ಬಳಿಕ ಅದು ಜೀವಾವಧಿಗೆ ಇಳಿಯಿತು. ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ 1912ರಲ್ಲಿ ಆತನ ಪರವಾಗಿ ಕಿರುಪುಸ್ತಕವೊಂದನ್ನು ಬರೆದರು. ಪತ್ರಕರ್ತ ವಿಲಿಯಂ ಪಾರ್ಕ್ 1927ರಲ್ಲಿ ಇನ್ನೊಂದು ಪುಸ್ತಕ ಪ್ರಕಟಿಸಿದರು. ಅದೇ ವರ್ಷ ಬಿಡುಗಡೆಯಾದ ಸ್ಲೇಟರ್‌ನ ಮೇಲಿನ ತೀರ್ಪು 1928ರಲ್ಲಿ ರದ್ದಾಯಿತು. ಹದಿನೆಂಟು ವರ್ಷಗಳ ಸೆರೆವಾಸ ವ್ಯರ್ಥವಾಗಿದ್ದರೂ ಆತ ಜೀವಂತವಾಗಿದ್ದ. ಲಂಡನ್ನಿನ ಟಿಮೊತಿ ಇವಾನ್ಸ್‌ಗೆ ಆ ಅದೃಷ್ಟ ಇರಲಿಲ್ಲ.

ಒಂದೇ ಮನೆ, ಇಬ್ಬರು ಬಾಡಿಗೆದಾರರು

ನಾಟಿಂಗ್ ಹಿಲ್ ಪ್ರದೇಶದ 10, ರಿಲಿಂಗ್ಟನ್ ಪ್ಲೇಸ್ ಎಂಬ ಹಳೆಯ ಮನೆಯ ಮೇಲಂತಸ್ತಿಗೆ ಇವಾನ್ಸ್ 1948ರಲ್ಲಿ ಹೆಂಡತಿ ಬೆರಿಲ್‌ಳೊಡನೆ ಬಂದ. ವೇಲ್ಸ್ ಮೂಲದ ಈ ಯುವಕನಿಗೆ ಓದುಬರಹ ಅಷ್ಟಕ್ಕಷ್ಟೆ. ಅದೇ ವರ್ಷ ಮಗಳು ಜೆರಾಲ್ಡಿನ್ ಹುಟ್ಟಿದಳು. ನೆಲಮಹಡಿಯಲ್ಲಿದ್ದವನು ಜಾನ್ ಕ್ರಿಸ್ಟಿ.

1949ರ ನವೆಂಬರ್ ಕೊನೆಯಲ್ಲಿ ಇವಾನ್ಸ್ ವೇಲ್ಸ್‌ನ ಪೊಲೀಸ್ ಠಾಣೆಗೆ ತಾನಾಗಿಯೇ ಹೋಗಿ, ಹೆಂಡತಿಯ ಹೆಣವನ್ನು ಚರಂಡಿಗೆ ಹಾಕಿದ್ದೇನೆ ಎಂದ. ಲಂಡನ್ ಪೊಲೀಸರು ನೋಡಿದರೆ ಆ ಚರಂಡಿಯ ಮುಚ್ಚಳ ಎತ್ತಲು ಮೂವರು ಬೇಕಾಯಿತು. ಒಳಗೆ ಹೆಣವೂ ಇರಲಿಲ್ಲ. ಆಗ ಇವಾನ್ಸ್ ಮಾತು ಬದಲಿಸಿದ. ಕ್ರಿಸ್ಟಿ ಗರ್ಭಪಾತ ಮಾಡಿಸಲು ಹೋದಾಗ ಬೆರಿಲ್ ಸತ್ತಳು ಎಂದ. ಡಿಸೆಂಬರ್ 2ರಂದು ತಾಯಿ, ಮಗು ಇಬ್ಬರ ಶವಗಳೂ ಹಿತ್ತಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕವು. ಅದೇ ರಾತ್ರಿ ನಾಟಿಂಗ್ ಹಿಲ್ ಠಾಣೆಯಲ್ಲಿ ಇವಾನ್ಸ್ ತಪ್ಪೊಪ್ಪಿಕೊಂಡ ಎಂದು ದಾಖಲಾಯಿತು.

ಮಗುವಿನ ಕೊಲೆಗಾಗಿ 1950ರ ಜನವರಿಯಲ್ಲಿ ವಿಚಾರಣೆ ನಡೆಯಿತು. ಪ್ರಾಸಿಕ್ಯೂಷನ್‌ನ ಮುಖ್ಯ ಸಾಕ್ಷಿ ಬೇರಾರೂ ಅಲ್ಲ, ಕ್ರಿಸ್ಟಿ! ಯುದ್ಧಕಾಲದಲ್ಲಿ ಮೀಸಲು ಪೊಲೀಸನಾಗಿ ದುಡಿದಿದ್ದ ಆತನ ಮಾತಿಗೆ ತೂಕವಿತ್ತು. ಆತನೇ ಕೊಲೆಗಾರನೆಂದು ಇವಾನ್ಸ್ ಹೇಳಿದ್ದನ್ನು ಜ್ಯೂರಿ ನಂಬಲಿಲ್ಲ. 40 ನಿಮಿಷಗಳಲ್ಲಿ ತೀರ್ಮಾನವಾಯಿತು. ಮಾರ್ಚ್ 9ರಂದು ಇವಾನ್ಸ್‌ನನ್ನು ಗಲ್ಲಿಗೇರಿಸಲಾಯಿತು. ಆಗ ಅವನಿಗೆ 25 ವರ್ಷ.

ಮೂರು ವರ್ಷ ಕಳೆದು, 1953ರ ಮಾರ್ಚ್‌ನಲ್ಲಿ ಕ್ರಿಸ್ಟಿ ಮನೆ ಬಿಟ್ಟು ಹೋದ. ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಕಾಗದವನ್ನು ಮತ್ತೊಬ್ಬ ಬಾಡಿಗೆದಾರ ಕಿತ್ತಾಗ ಹಿಂದೆ ಮೂವರು ಹೆಂಗಸರ ಶವಗಳು! ನೆಲದ ಹಲಗೆಗಳ ಕೆಳಗೆ ಕ್ರಿಸ್ಟಿಯ ಹೆಂಡತಿಯ ಶವ. ಕೈತೋಟದಲ್ಲಿ ಇನ್ನಿಬ್ಬರು ಹೆಂಗಸರ ಮೂಳೆಗಳು. ಇವರಿಬ್ಬರು ಸತ್ತದ್ದು 1943-44ರಲ್ಲಿ. ಅಂದರೆ 1949ರಲ್ಲಿ ಪೊಲೀಸರು ಆ ಮನೆಯನ್ನು ಶೋಧಿಸಿದಾಗಲೂ ಅವು ಅಲ್ಲೇ ಇದ್ದವು.

ಬೆರಿಲ್‌ಳನ್ನು ಕೊಂದವನು ತಾನೇ ಎಂದು ಕ್ರಿಸ್ಟಿ ಒಪ್ಪಿಕೊಂಡ. ಮಗುವಿನ ಕೊಲೆಯನ್ನು ಒಪ್ಪಲಿಲ್ಲ. ಸರ್ಕಾರ ನೇಮಿಸಿದ ವಕೀಲರೊಬ್ಬರು ಕೆಲವೇ ದಿನಗಳಲ್ಲಿ ತನಿಖೆ ಮುಗಿಸಿ, ಇಬ್ಬರನ್ನೂ ಕೊಂದವನು ಇವಾನ್ಸನೇ ಎಂದರು. 1953ರ ಜುಲೈ 15ರಂದು ಕ್ರಿಸ್ಟಿಗೂ ಗಲ್ಲಾಯಿತು. ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ತಿಳಿಯದ ಇಬ್ಬರು ಕೊಲೆಗಾರರಿದ್ದರು ಎಂದು ಜನ ನಂಬಬೇಕಾಗಿತ್ತು.

ಕಾಗದಗಳಲ್ಲೇ ಇದ್ದ ಸತ್ಯ

ಇದನ್ನು ನಂಬದವರು ಬರೆಯತೊಡಗಿದರು. ವಕೀಲ ಮೈಕೆಲ್ ಎಡೋಸ್ 1955ರಲ್ಲಿ ಪುಸ್ತಕ ತಂದರು. ಕ್ರಿಸ್ಟಿಯ ವಿಚಾರಣೆಯಲ್ಲಿ ಹಾಜರಿದ್ದ ಹಿರಿಯ ಲೇಖಕಿ ಟೆನಿಸನ್ ಜೆಸ್ಸಿ ಎರಡೂ ವಿಚಾರಣೆಗಳ ದಾಖಲೆಗಳನ್ನು ಒಟ್ಟುಗೂಡಿಸಿ 1957ರಲ್ಲಿ ಪ್ರಕಟಿಸಿದರು. ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ಪತ್ರಕರ್ತ ಲುಡೊವಿಕ್ ಕೆನಡಿ 1961ರಲ್ಲಿ ಬರೆದ ‘ಟೆನ್ ರಿಲಿಂಗ್ಟನ್ ಪ್ಲೇಸ್’.

ಕೆನಡಿ ಯಾವ ಗುಪ್ತ ಸಾಕ್ಷಿಯನ್ನೂ ಹುಡುಕಿ ಹೊರಡಲಿಲ್ಲ. ಎಲ್ಲರ ಕಣ್ಣೆದುರಿಗಿದ್ದ ಹೇಳಿಕೆಗಳನ್ನೇ ದಿನಾಂಕವಾರು ಜೋಡಿಸಿ ನೋಡಿದರು. ನವೆಂಬರ್ 8 ಮತ್ತು 10ರಂದು ಶವಗಳನ್ನು ಬಟ್ಟೆ ಒಗೆಯುವ ಕೋಣೆಯಲ್ಲಿಟ್ಟೆ ಎಂದು ಇವಾನ್ಸ್‌ನ ತಪ್ಪೊಪ್ಪಿಗೆಯಲ್ಲಿದೆ. ಅದೇ ದಿನಗಳಲ್ಲಿ ಮನೆ ರಿಪೇರಿಗೆ ಬಂದಿದ್ದ ಕೆಲಸಗಾರರು ಆ ಪುಟ್ಟ ಕೋಣೆಯಲ್ಲೇ ಸಾಮಾನು ಇಡುತ್ತಿದ್ದರು. ಅವರ ಕಣ್ಣಿಗೆ ಏನೂ ಬಿದ್ದಿರಲಿಲ್ಲ. ಈ ಸಂಗತಿ ಜ್ಯೂರಿಯ ಮುಂದೆ ಬರಲೇ ಇಲ್ಲ. ತಪ್ಪೊಪ್ಪಿಗೆಯ ಮಾತುಗಳೂ ಅನಕ್ಷರಸ್ಥನೊಬ್ಬನ ಬಾಯಿಂದ ಬರುವಂಥವಲ್ಲ, ಪೊಲೀಸರ ಧಾಟಿಯವು ಎಂದು ಕೆನಡಿ ವಾದಿಸಿದರು. ಸ್ವೀಡನ್ನಿನ ಭಾಷಾವಿಜ್ಞಾನಿ ಯಾನ್ ಸ್ವಾರ್ಟ್‌ವಿಕ್ 1968ರಲ್ಲಿ ಇವೇ ಹೇಳಿಕೆಗಳ ವಾಕ್ಯರಚನೆಯನ್ನು ಪರೀಕ್ಷಿಸಿ, ವಿವಾದಿತ ಭಾಗಗಳ ಶೈಲಿಯೇ ಬೇರೆ ಎಂದು ತೋರಿಸಿದರು. ನ್ಯಾಯ ವಿಚಾರಣೆಯಲ್ಲಿ ಭಾಷಾವಿಜ್ಞಾನದ ಬಳಕೆ ಎಂಬ ಹೊಸ ಶಾಖೆಗೆ ಅದು ನಾಂದಿಯಾಯಿತು.

ಪತ್ರಿಕೆಗಳ ಎರಡು ಮುಖ

ಎಲ್ಲ ಲೇಖನಿಗಳೂ ನ್ಯಾಯಕ್ಕಾಗಿಯೇ ಓಡಿದವು ಎನ್ನುವಂತಿಲ್ಲ. ‘ಸಂಡೇ ಪಿಕ್ಟೋರಿಯಲ್’ ವಾರಪತ್ರಿಕೆ ಕ್ರಿಸ್ಟಿಯ ವಕೀಲರ ಖರ್ಚನ್ನು ತಾನೇ ಭರಿಸಿ, ಬದಲಿಗೆ ಅವನ ಕಥೆಯ ಹಕ್ಕು ಪಡೆದಿತ್ತು. ಅದರ ವರದಿಗಾರ ಹ್ಯಾರಿ ಪ್ರಾಕ್ಟರ್ 1949ರಲ್ಲಿಯೂ ಅದೇ ಮನೆಗೆ ಹೋಗಿ ಕ್ರಿಸ್ಟಿಯನ್ನು ಮಾತನಾಡಿಸಿದ್ದವರು. ಕೊಲೆಗಾರ ಎದುರಿಗಿದ್ದರೂ ಸುದ್ದಿಗಾರನಿಗೆ ಗುರುತು ಸಿಗಲಿಲ್ಲ. ಪ್ರಾಕ್ಟರ್ ಹಾಗೂ ಟೆನಿಸನ್ ಜೆಸ್ಸಿ ಅವರ ಕಣ್ಣುಗಳಿಂದಲೇ ಈ ಪ್ರಕರಣವನ್ನು ನೋಡುವ ‘ದಿ ಪೀಪ್‌ಶೋ’ ಎಂಬ ಪುಸ್ತಕವನ್ನು ಕೇಟ್ ಸಮರ್‌ಸ್ಕೇಲ್ 2024ರಲ್ಲಿ ಹೊರತಂದಿದ್ದಾರೆ.

ಆದರೆ ಛಲ ಬಿಡದ ಪತ್ರಕರ್ತರೂ ಇದ್ದರು. ಡಾರ್ಲಿಂಗ್ಟನ್ ಎಂಬ ಪಟ್ಟಣದ ‘ನಾರ್ದರ್ನ್ ಎಕೋ’ ಪತ್ರಿಕೆಯ ಸಂಪಾದಕ ಹೆರಾಲ್ಡ್ ಇವಾನ್ಸ್ 1965ರಲ್ಲಿ ಮರುತನಿಖೆಗಾಗಿ ಅಭಿಯಾನ ನಡೆಸಿದರು. ಹೆಸರು ಒಂದೇ ಆದರೂ ಗಲ್ಲಿಗೇರಿದವನಿಗೂ ಇವರಿಗೂ ನಂಟಿಲ್ಲ. ಕೊನೆಗೆ ನ್ಯಾಯಮೂರ್ತಿ ಬ್ರೇಬಿನ್ ಅವರಿಂದ ಹೊಸ ತನಿಖೆ ನಡೆಯಿತು. ಇವಾನ್ಸ್ ಹೆಂಡತಿಯನ್ನು ಕೊಂದಿರುವ ಸಂಭವವಿದೆ, ಆದರೆ ಮಗುವನ್ನು ಕೊಂದಿರಲಾರ ಎಂಬ ವಿಚಿತ್ರ ತೀರ್ಮಾನಕ್ಕೆ ಅವರು ಬಂದರು. ಗಲ್ಲಾಗಿದ್ದು ಮಗುವಿನ ಕೊಲೆಗೆ! ಹಾಗಾಗಿ 1966ರ ಅಕ್ಟೋಬರ್‌ನಲ್ಲಿ ಇವಾನ್ಸ್‌ಗೆ ಮರಣೋತ್ತರವಾಗಿ ರಾಜಕ್ಷಮಾದಾನ ದೊರೆಯಿತು.

ಬ್ರಿಟನ್ 1965ರಲ್ಲಿ ಕೊಲೆ ಅಪರಾಧಕ್ಕೆ ಮರಣದಂಡನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, 1969ರಲ್ಲಿ ಖಾಯಂ ಆಗಿ ಕೈಬಿಟ್ಟಿತು. ಇದಕ್ಕೆ ಇವಾನ್ಸ್ ಪ್ರಕರಣವೊಂದೇ ಕಾರಣವಲ್ಲ. 1953ರಲ್ಲಿ ಡೆರೆಕ್ ಬೆಂಟ್ಲಿ, 1955ರಲ್ಲಿ ರೂತ್ ಎಲಿಸ್ ಗಲ್ಲಿಗೇರಿದ್ದೂ ಜನರ ಮನಸ್ಸನ್ನು ಕಲಕಿತ್ತು. ಆದರೆ ‘ನಿರಪರಾಧಿಗೆ ಗಲ್ಲಾಗುವುದುಂಟೆ?’ ಎಂದು ಕೇಳುವವರಿಗೆ ಇವಾನ್ಸ್‌ನ ಹೆಸರೇ ಉತ್ತರವಾಯಿತು. 1950ರಲ್ಲಿ ಗೃಹ ಸಚಿವರಾಗಿ ಆತನ ಶಿಕ್ಷೆಯನ್ನು ತಡೆಯದೆ ಬಿಟ್ಟಿದ್ದ ಚೂಟರ್ ಈಡ್ ಅವರೇ ಮುಂದೆ ಮರಣದಂಡನೆಯ ವಿರೋಧಿಯಾದರು.

ಮಾಡದ ತಪ್ಪಿಗೆ ಕ್ಷಮೆ ಏಕೆ, ತೀರ್ಪನ್ನೇ ರದ್ದುಪಡಿಸಿ ಎಂದು ಇವಾನ್ಸ್‌ನ ಬಂಧುಗಳು ಹೈಕೋರ್ಟಿಗೆ ಹೋದರು. ಆತ ಹೆಂಡತಿಯನ್ನೂ ಮಗುವನ್ನೂ ಕೊಂದಿಲ್ಲ ಎಂಬುದನ್ನು 2004ರಲ್ಲಿ ನ್ಯಾಯಾಧೀಶರು ಒಪ್ಪಿಕೊಂಡರು. ಆದರೂ, ಖರ್ಚು ಮಾಡಿ ಮೇಲ್ಮನವಿ ನಡೆಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬ ವಾದ ಗೆದ್ದಿತು. ಲೇಖನಿಗಳು ಸತ್ಯವನ್ನು ದಡ ಸೇರಿಸಿದವು. ಹಳೆಯ ತೀರ್ಪು ಮಾತ್ರ ರದ್ದಾಗದೆ ಹಾಗೆಯೇ ಉಳಿಯಿತು.