ಬಯಲಿನಿಂದ ಗೋದಲಿಗೆ: ಕಟ್ಟಿ ಮೇಯಿಸುವ ಕುರಿ ಸಾಕಣೆ ನಡೆದು ಬಂದ ದಾರಿ

ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು ಸೀಮೆಯ ಊರುಗಳಲ್ಲಿ ಈಗ ಮನೆಯ ಹಿತ್ತಲಿಗೋ ಹೊಲದ ಬದುವಿಗೋ ಅಂಟಿಕೊಂಡ ತಗಡಿನ ಶೆಡ್ಡುಗಳು ಕಣ್ಣಿಗೆ ಬೀಳುತ್ತವೆ. ಒಳಗೆ ಇಪ್ಪತ್ತೋ ಐವತ್ತೋ ಟಗರುಮರಿಗಳು. ಮೂರು-ನಾಲ್ಕು ತಿಂಗಳ ಮರಿಗಳನ್ನು 12ರಿಂದ 15 ಕಿಲೊ ತೂಕವಿರುವಾಗ ಸಂತೆಯಲ್ಲಿ ಕೊಳ್ಳುವುದು, ಮತ್ತೆ ಮೂರು-ನಾಲ್ಕು ತಿಂಗಳು ಗೋದಲಿಯಲ್ಲೇ ಮೇಯಿಸುವುದು, 25ರಿಂದ 30 ಕಿಲೊ ಆದಾಗ ಮಾರುವುದು ಇವರ ಲೆಕ್ಕ. ಬಕ್ರೀದಿಗೆ ಹೊಂದಿಸಿಕೊಂಡರೆ ಲಾಭ ಇನ್ನಷ್ಟು.

ಲೆಕ್ಕ ಸರಳವಾಗಿ ಕಂಡರೂ ಇದು ಕುರಿಯ ಬದುಕನ್ನೇ ತಿರುಗಿಸಿದ ಬದಲಾವಣೆ. ಬಯಲಲ್ಲಿ ಮೇಯುವ ಕುರಿ ಯಾವ ಎಲೆ ತಿನ್ನಬೇಕು, ಯಾವುದನ್ನು ಮೂಸಿ ಬಿಡಬೇಕು ಎಂದು ತಾನೇ ಆರಿಸಿಕೊಳ್ಳುತ್ತದೆ. ಹಿಕ್ಕೆ ಹಾಕಿದ ಜಾಗದಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ. ಶೆಡ್ಡಿಗೆ ಬಂದ ದಿನವೇ ಆ ಹೊಣೆಯೆಲ್ಲ ಸಾಕುವವನ ತಲೆಗೆ ಬರುತ್ತದೆ. ಅದನ್ನು ಹೊರಲು ಬೇಕಾದ ಅರಿವು ಪಶು ಆಹಾರ ಶಾಸ್ತ್ರ, ಪಶುವೈದ್ಯ ಎಂಬ ಎರಡು ಕಡೆಯಿಂದ ಬಂತು. ನಮ್ಮಲ್ಲಿ ಇವೆರಡೂ ಬೆಳೆದದ್ದು ದನಕ್ಕಾಗಿ. ಕುರಿಗೆ ಬಹುಕಾಲ ದಕ್ಕಿದ್ದು ಅವುಗಳ ಉಳಿಕೆ ಮಾತ್ರ. ಕಳೆದ ಒಂದು ಶತಮಾನದ ಕಥೆಯೆಂದರೆ, ಆ ಉಳಿಕೆಯಿಂದ ಕುರಿಗೆ ತನ್ನದೇ ವಿಜ್ಞಾನ ದಕ್ಕಿದ ಕಥೆ.

ಹಳೆಯ ರೂಢಿಗಳು

ಕಟ್ಟಿ ಮೇಯಿಸುವುದು ಹೊಸದೇನಲ್ಲ. ಮಂಡ್ಯ ಸೀಮೆಯಲ್ಲಿ ಬನ್ನೂರು ಕುರಿಯನ್ನು ಮನೆಯ ಮುಂದೆ ಒಂದೋ ಎರಡೋ ಕಟ್ಟಿ, ಸೊಪ್ಪುಸದೆ, ಹೊಟ್ಟು, ತೌಡು ಹಾಕಿ ಬೆಳೆಸುವ ರೂಢಿ ಹಿಂದಿನಿಂದಲೂ ಇದೆ. ಉತ್ತರ ಕರ್ನಾಟಕದಲ್ಲಿ ಕಾಳಗದ ಟಗರಿಗೆ ಮನೆಮಗನ ಉಪಚಾರ. ಆದರೆ ಅದೆಲ್ಲ ಒಂದೆರಡು ತಲೆಯ ಮಾತು. ಮುಖ್ಯ ಸಾಕಣೆ ಕುರುಬರ ಅಲೆಮಾರಿ ಮಂದೆಗಳದ್ದು. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಗಾರನಿಗೆ ಕಾಳೋ ಕಾಸೋ. ಮೇವಿಗೆ ದುಡ್ಡು ಕೊಡುವ ಮಾತೇ ಇರಲಿಲ್ಲ. ಮೇವು ಪುಕ್ಕಟೆಯಾಗಿದ್ದಷ್ಟು ಕಾಲ ಅದನ್ನು ಅಳೆಯುವ ಅಗತ್ಯವೂ ಬರಲಿಲ್ಲ.

ಸರ್ಕಾರದ ಕಣ್ಣು ಆಗ ಕುರಿಯ ಉಣ್ಣೆಯ ಮೇಲಿತ್ತು. ಮಾರ್ಕ್ ಕಬ್ಬನ್ ಆಡಳಿತದ ಕಾಲದಲ್ಲೇ ಮೈಸೂರು ಸೀಮೆಯ ಕುರಿಗಳಿಗೆ ಮೆರಿನೋ ಟಗರು ಕೂಡಿಸುವ ಪ್ರಯತ್ನ ನಡೆದಿತ್ತು. ಸ್ವಾತಂತ್ರ್ಯದ ನಂತರವೂ ವಿದೇಶಿ ಉಣ್ಣೆ ತಳಿಗಳ ಮೋಹ ಬಿಡಲಿಲ್ಲ. 1962ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಹುಟ್ಟಿದ ಕೇಂದ್ರೀಯ ಸಂಸ್ಥೆಯ ಹೆಸರಿನಲ್ಲೂ ಕುರಿಯ ಜೊತೆಗೆ ಉಣ್ಣೆಯೇ ಇದೆ.

ದನಕ್ಕಾಗಿ ಹುಟ್ಟಿದ ಶಾಸ್ತ್ರ

ಮೇವನ್ನು ಅಳೆಯುವ ಕೆಲಸ 1920ರ ದಶಕದಲ್ಲಿ ಬೆಂಗಳೂರಿನಲ್ಲೇ ಗಂಭೀರವಾಗಿ ನಡೆಯಿತು. ಎಫ್. ಜೆ. ವಾರ್ತ್ ಎಂಬ ರಸಾಯನ ವಿಜ್ಞಾನಿ ಇಲ್ಲಿ ದನಗಳಿಗೆ ಹುಲ್ಲು ತೂಗಿ ಹಾಕಿ, ಸಗಣಿ ತೂಗಿ, ಎಷ್ಟು ಜೀರ್ಣವಾಯಿತು ಎಂದು ಲೆಕ್ಕ ಹಾಕಿದ. ಮುಂದೆ ಕೆ. ಸಿ. ಸೇನ್ ಭಾರತದ ಮೇವುಗಳ ಪೋಷಕಾಂಶಗಳ ಕೋಷ್ಟಕ ಸಿದ್ಧಪಡಿಸಿದಾಗಲೂ ಅದು ದನಗಳ ಮೇವಿನ ಕೋಷ್ಟಕವೇ. ಉಳುವ ಎತ್ತು, ಹಾಲು ಕೊಡುವ ಹಸು ದೇಶದ ಚಿಂತೆಯಾಗಿದ್ದಾಗ ಕುರಿ ಏನು ತಿನ್ನುತ್ತದೆ ಎಂದು ಕೇಳುವವರು ಕಡಿಮೆ.

ರೋಗದ ವಿಚಾರದಲ್ಲೂ ಹಾಗೇ. 1889ರಲ್ಲಿ ಪುಣೆಯಲ್ಲಿ ಶುರುವಾಗಿ ಮುಕ್ತೇಶ್ವರಕ್ಕೆ ಹೋದ ಪಶುರೋಗ ಪ್ರಯೋಗಾಲಯ, 1925ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ಸೀರಂ ಸಂಸ್ಥೆ (ಈಗ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ), ಎರಡರ ದೊಡ್ಡ ಶತ್ರುವೂ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್). ಮುಕ್ತೇಶ್ವರದಲ್ಲಿ ಜೆ. ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ಆ ರೋಗದ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸುತ್ತ ಮೆತ್ತಗೆ ಮಾಡಿ ದನಕ್ಕೆ ಲಸಿಕೆ ಮಾಡಿದ. ಆಡು ಪ್ರಯೋಗಾಲಯಕ್ಕೆ ಹೋದದ್ದೂ ದನವನ್ನು ಉಳಿಸಲಿಕ್ಕೇ.

ಉಣ್ಣೆಯಿಂದ ಮಾಂಸಕ್ಕೆ

ದಿಕ್ಕು ಬದಲಾದದ್ದು ಮಾರುಕಟ್ಟೆಯಿಂದ. ಒರಟು ಉಣ್ಣೆಗೆ, ಕಂಬಳಿಗೆ ಬೇಡಿಕೆ ಕುಸಿಯಿತು. ಈಗ ಎಷ್ಟೋ ಕಡೆ ಉಣ್ಣೆ ಕತ್ತರಿಸುವ ಕೂಲಿಯೂ ಉಣ್ಣೆಯಿಂದ ಹುಟ್ಟುವುದಿಲ್ಲ. ಮಾಂಸದ ಬೆಲೆ ಮಾತ್ರ ಏರುತ್ತಲೇ ಹೋಯಿತು. ಡೆಕ್ಕನಿ ಕುರಿ ಸಾಕುತ್ತಿದ್ದವರು ಮೈಮೇಲೆ ಉಣ್ಣೆ ಕಡಿಮೆಯಿರುವ, ಬೇಗ ಮೈ ತುಂಬುವ ಕೆಂಗುರಿಯತ್ತ ವಾಲಿದರು. ಅದೇ ಹೊತ್ತಿಗೆ ಗೋಮಾಳಗಳು ಒತ್ತುವರಿಯಾದವು, ನೀರಾವರಿ ಬಂದ ಹೊಲಗಳಲ್ಲಿ ಬೆಳೆಯ ಮೇಲೆ ಬೆಳೆ ಬಂದು ಮಂದೆಗೆ ಜಾಗವಿಲ್ಲದಾಯಿತು, ಕುರಿ ಹಿಂದೆ ಅಲೆಯುವ ಹುಡುಗರು ಶಾಲೆಗೆ, ನಗರಕ್ಕೆ ಹೋದರು. ಇಷ್ಟಾದರೂ ಕುರಿ ಕಡಿಮೆಯಾಗಲಿಲ್ಲ. ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 2012ರಲ್ಲಿ ಸುಮಾರು 96 ಲಕ್ಷವಿದ್ದ ಕುರಿಗಳು 2019ಕ್ಕೆ ಸುಮಾರು 1.11 ಕೋಟಿಗೆ ಏರಿದವು. ತೆಲಂಗಾಣ, ಆಂಧ್ರದ ನಂತರದ ಸ್ಥಾನ ನಮ್ಮದು.

ತಳಿಯ ಕಡೆಯಿಂದಲೂ ಒತ್ತಡ ಬಂತು. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಸುಂದರಬನದ ಗಾರೋಲ್ ಕುರಿಯಲ್ಲಿದ್ದ ಅವಳಿ ಮರಿಯ ಗುಣವನ್ನು ಡೆಕ್ಕನಿಗೆ ತಂದು ‘ನಾರಿ ಸುವರ್ಣ’ ರೂಪಿಸಿತು. ಅವಳಿ ಹಾಕುವ ತಾಯಿಗೆ ಬಯಲ ಒಣಹುಲ್ಲು ಸಾಲದು, ಅದಕ್ಕೆ ಕಾಳು-ಹಿಂಡಿಯ ಕೈತಿಂಡಿ ಬೇಕೇ ಬೇಕು. 2021-22ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್, ಕುರಿ-ಆಡು ತಳಿ ಘಟಕಗಳಿಗೆ ಬಂಡವಾಳದ ಅರ್ಧದಷ್ಟು, ಗರಿಷ್ಠ 50 ಲಕ್ಷ ರೂಪಾಯಿವರೆಗೆ ಸಹಾಯಧನ ಘೋಷಿಸಿದ ಮೇಲೆ ಶೆಡ್ಡು ಕಟ್ಟುವ ಉಮೇದು ಇನ್ನೂ ಹೆಚ್ಚಿತು.

ಗೋದಲಿಯಿಂದ ಬರುವ ರೋಗ

ಬಯಲಲ್ಲಿ ಮೇಯುವ ಮರಿ ದಿನಕ್ಕೆ 50-60 ಗ್ರಾಂ ಬೆಳೆದರೆ, ಚೆನ್ನಾಗಿ ತಿನ್ನಿಸಿದ ಮರಿ 100ರಿಂದ 150 ಗ್ರಾಂ ಬೆಳೆಯುತ್ತದೆ. ಈ ಆಸೆಗೇ ಹೊಸಬರು ಮೊದಲ ವಾರವೇ ಮೆಕ್ಕೆಜೋಳ ಸುರಿಯುತ್ತಾರೆ. ಕುರಿಯ ಮೊದಲ ಹೊಟ್ಟೆಯಲ್ಲಿ ನಾರನ್ನು ಒಡೆಯುವ ಸೂಕ್ಷ್ಮಜೀವಿಗಳದ್ದೇ ಒಂದು ಸಂಸಾರವಿರುತ್ತದೆ. ಏಕಾಏಕಿ ಪಿಷ್ಟ ಬಂದು ಬಿದ್ದಾಗ ಲ್ಯಾಕ್ಟಿಕ್ ಆಮ್ಲ ಹುಟ್ಟಿಸುವ ಜೀವಿಗಳು ಮೇಲುಗೈ ಸಾಧಿಸುತ್ತವೆ. ಮರಿ ಮೆಲುಕು ಬಿಡುತ್ತದೆ, ಹೊಟ್ಟೆ ನೀರು ತುಂಬಿದಂತೆ ಗುಳುಗುಳು ಎನ್ನುತ್ತದೆ, ಹುಳಿ ವಾಸನೆಯ ಭೇದಿ ಶುರುವಾಗುತ್ತದೆ. ಮದುವೆ ಮನೆಯ ಅನ್ನ ತಿಂದ ಕುರಿ ಸಾಯುವುದೂ ಇದೇ ಕಾರಣಕ್ಕೆ. ಹಳಬರು ಅಡುಗೆ ಸೋಡಾ ಕುಡಿಸುವುದರಲ್ಲಿ ಅರ್ಥವಿದೆ. ಆದರೆ ಮದ್ದಿಗಿಂತ ಮೊದಲಿನ ಮಾತೆಂದರೆ, ದಿನಕ್ಕೆ 50 ಗ್ರಾಂ ಕೈತಿಂಡಿಯಿಂದ ಶುರುಮಾಡಿ ಎರಡು ವಾರದಲ್ಲಿ 250-300 ಗ್ರಾಮಿಗೆ ಏರಿಸುವುದು, ಕಾಳಿಗೆ ಮೊದಲು ತೊಗರಿ ಹೊಟ್ಟೋ ಶೇಂಗಾ ಹೊಟ್ಟೋ ತಿನ್ನಿಸಿ ಹೊಟ್ಟೆ ಅರೆ ತುಂಬಿಸುವುದು.

ಕಾಳಿನ ಇನ್ನೊಂದು ಬೆಲೆ ಕರುಳುಬೇನೆ (ಎಂಟರೊಟಾಕ್ಸೀಮಿಯಾ, ಇ.ಟಿ.). ಜೀರ್ಣವಾಗದ ಪಿಷ್ಟ ಸಣ್ಣ ಕರುಳಿಗೆ ಜಾರಿದಾಗ, ಅಲ್ಲಿ ಮೊದಲೇ ಇದ್ದ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯ ಹೆಚ್ಚಿ ವಿಷ ಬಿಡುತ್ತದೆ. ಪಶ್ಚಿಮ ಆಸ್ಟ್ರೇಲಿಯದ ಎಚ್. ಡಬ್ಲ್ಯು. ಬೆನೆಟ್ಸ್ 1930ರ ದಶಕದ ಆರಂಭದಲ್ಲಿ ಈ ರೋಗವನ್ನು ಬಿಡಿಸಿ ತೋರಿಸಿದರು. ರಾತ್ರಿ ಚೆನ್ನಾಗಿ ತಿಂದು ಮಲಗಿದ ಮರಿ ಬೆಳಿಗ್ಗೆ ಕಾಲು ಚಾಚಿ ಸತ್ತಿರುತ್ತದೆ, ಅದೂ ದೊಡ್ಡಿಯಲ್ಲೇ ಎಲ್ಲಕ್ಕಿಂತ ದಪ್ಪಗಿದ್ದ ಮರಿ. ಯಾರೋ ವಿಷ ಹಾಕಿದರು, ಕಣ್ಣು ತಾಗಿತು ಎಂದು ಊರಲ್ಲಿ ಮಾತಾಗುವುದು ಸಹಜ. ಚಿಕಿತ್ಸೆಗೆ ಸಮಯವೇ ಇರುವುದಿಲ್ಲ. ಎರಡು-ಮೂರು ವಾರಗಳ ಅಂತರದಲ್ಲಿ ಎರಡು ಸಲ ಹಾಕಿಸುವ ಇ.ಟಿ. ಲಸಿಕೆಯೇ ಕಾವಲು. ಬಯಲ ಕುರಿಗೆ ಇದನ್ನು ಮಳೆಗಾಲಕ್ಕೆ ಮೊದಲು ಹಾಕುವುದು ರೂಢಿ. ಹೊಸ ಚಿಗುರು ಅಲ್ಲಿ ಕಾಳಿನ ಕೆಲಸ ಮಾಡುತ್ತದೆ. ಶೆಡ್ಡಿನಲ್ಲಿ ಮಾತ್ರ ಋತು ನೋಡದೆ, ಕೈತಿಂಡಿ ಏರಿಸುವ ಮೊದಲೇ ಹಾಕಿಸಬೇಕು.

ದನದ ಶಾಸ್ತ್ರದ ಉಳಿಕೆ ಕುರಿಗೆ ಹೇಗೆ ಮುಳುವಾಗುತ್ತದೆ ಎಂಬುದಕ್ಕೆ ತಾಮ್ರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಖನಿಜ ಮಿಶ್ರಣ ಹಸುವಿನ ಅಗತ್ಯಕ್ಕೆ ತಯಾರಾದದ್ದು. ಹಸುವಿಗೆ ಬೇಕಾದಷ್ಟು ತಾಮ್ರ ಕುರಿಗೆ ಅತಿಯಾಗಬಹುದು. ಕುರಿಯ ಯಕೃತ್ತು ಅದನ್ನು ಹೊರಹಾಕಲಾರದೆ ವಾರಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಸಾಗಾಣಿಕೆಯೋ ಉಪವಾಸವೋ ಆದ ಒಂದು ದಿನ ಅದು ಒಮ್ಮೆಲೇ ರಕ್ತಕ್ಕೆ ಬಂದು, ಕಣ್ಣು ಹಳದಿಯಾಗಿ, ಮೂತ್ರ ಕೆಂಪಾಗಿ ಕುರಿ ಸಾಯುತ್ತದೆ. ಹಾಗೆಯೇ, ಮೆಕ್ಕೆಜೋಳ ಮತ್ತು ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಇವೇ ಊಟವಾದರೆ ಟಗರಿನ ಸಪೂರ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಬಾಲ ಎತ್ತಿ ತಿಣುಕುವ ಟಗರನ್ನು ಮಲಬದ್ಧತೆ ಎಂದು ಎಣಿಸಿ ಎಣ್ಣೆ ಕುಡಿಸಿದರೆ ಕೆಲಸ ಕೆಡುತ್ತದೆ. ಕೈತಿಂಡಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿ ಸುಣ್ಣ-ರಂಜಕದ ಪ್ರಮಾಣವನ್ನು 2:1ಕ್ಕೆ ತರುವುದು, ನೀರು ಹೆಚ್ಚು ಕುಡಿಯಲೆಂದು ಶೇ. 1ರಷ್ಟು ಉಪ್ಪು ಸೇರಿಸುವುದು ಇದಕ್ಕೆ ಅಗ್ಗದ ಉಪಾಯ. 1995ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ, ಆಯಾ ಪ್ರದೇಶದ ಮಣ್ಣು-ಮೇವಿನ ಕೊರತೆಗೆ ತಕ್ಕ ಖನಿಜ ಮಿಶ್ರಣ ಎಂಬ ವಿಚಾರವನ್ನು ಮುಂದಿಟ್ಟದ್ದು ಈ ದಾರಿಯಲ್ಲಿ ದೊಡ್ಡ ಹೆಜ್ಜೆ.

ಸಂತೆಯಿಂದ ಬರುವ ರೋಗ

ಗೋದಲಿಯ ರೋಗ ಒಳಗೆ ಹುಟ್ಟುವಂಥದ್ದು. ಪಿ.ಪಿ.ಆರ್. ಎಂಬ ಹಿರೇಬೇನೆ ಹೊರಗಿನಿಂದ ನಡೆದು ಬರುವಂಥದ್ದು. 1942ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಮೊದಲು ವರ್ಣಿತವಾದ ಈ ರೋಗ ಭಾರತದಲ್ಲಿ ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ. ಅದನ್ನು ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಪ್ರಮುಖರು. ಪಿ.ಪಿ.ಆರ್. ವೈರಸ್ ದನದ ದೊಡ್ಡರೋಗದ ವೈರಸ್ಸಿಗೆ ದಾಯಾದಿ. ಹೀಗಾಗಿ ಕುರಿಯನ್ನು ಕಾಯಲು ಮೊದಲು ದನದ ಲಸಿಕೆಯನ್ನೇ ಬಳಸಿದ್ದರು. ದೊಡ್ಡರೋಗ ನಿರ್ಮೂಲನೆ ಮುಗಿಯುತ್ತ ಬಂದಾಗ ಆ ಲಸಿಕೆ ನಿಲ್ಲಿಸಲೇಬೇಕಾಯಿತು. ಭಾರತ 2006ರಲ್ಲಿ, ಜಗತ್ತು 2011ರಲ್ಲಿ ದೊಡ್ಡರೋಗದಿಂದ ಮುಕ್ತವಾದವು. ಆ ವೇಳೆಗೆ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ, ಹಿಮಾಚಲದ ಸುಂಗ್ರಿಯ ಆಡಿನಿಂದ ಪಡೆದ ವೈರಸ್ಸಿನಿಂದ ‘ಸುಂಗ್ರಿ-96’ ಲಸಿಕೆ ರೂಪಿಸಿತ್ತು. ದನದ ನೆರಳಿನಿಂದ ಕುರಿ ಹೊರಬಂದ ಗಳಿಗೆ ಎಂದು ತೋರಿಸಬಹುದಾದದ್ದು ಇದೇ. ಮೂರು-ನಾಲ್ಕು ತಿಂಗಳ ಮರಿಗೆ ಒಮ್ಮೆ ಹಾಕಿದರೆ ಮೂರು ವರ್ಷ ರಕ್ಷಣೆ. 2030ರ ಹೊತ್ತಿಗೆ ಈ ರೋಗವನ್ನು ಭೂಮಿಯಿಂದಲೇ ಅಳಿಸುವ ಗುರಿಯಿದೆ.

ಆದರೂ ಶೆಡ್ಡಿನವರ ಅಪಾಯ ಅಲೆಮಾರಿಗಿಂತ ಹೆಚ್ಚು. ಅವರ ಮಂದೆ ಒಂದೇ ತಾಯಿಬೇರಿನದಲ್ಲ, ಹತ್ತು ಊರಿನ ಮರಿಗಳ ಕೂಟ. ಸಂತೆಯಲ್ಲಿ ಸೋಂಕು ತಗುಲಿದ ಮರಿ ನಾಲ್ಕಾರು ದಿನ ಆರೋಗ್ಯವಾಗೇ ಕಾಣುತ್ತದೆ. ಆಮೇಲೆ ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ, ಬಾಯಲ್ಲಿ ಹುಣ್ಣು, ಭೇದಿ. ತಂದ ಮರಿಗಳನ್ನು ಎರಡು-ಮೂರು ವಾರ ಬೇರೆ ಇಡುವುದು, ಮೊದಲ ದಿನ ಕಾಳು ಕೊಡದೆ ಬೆಲ್ಲದ ನೀರು ಮತ್ತು ಒಣಮೇವು ಕೊಡುವುದು, ಅದೇ ಅವಧಿಯಲ್ಲಿ ಜಂತುನಾಶಕ, ಲಸಿಕೆ ಮುಗಿಸುವುದು ಈಗ ಎಲ್ಲ ತರಬೇತಿಗಳ ಮೊದಲ ಪಾಠ. ಜಾಗ ಸಾಲದೆಂದು ಮೊದಲು ಬಿಟ್ಟುಹೋಗುವ ಪಾಠವೂ ಇದೇ.

ಹುಳುವಿನ ಲೆಕ್ಕ

ಜಂತುಹುಳುವಿನ ವಿಷಯದಲ್ಲಿ ಶೆಡ್ಡು ವರವೂ ಹೌದು, ಶಾಪವೂ ಹೌದು. ಹುಲ್ಲಿನ ತುದಿ ಏರಿ ಕೂರುವ ಮರಿಹುಳುಗಳನ್ನು ಕುರಿ ನುಂಗುವುದು ಮೇಯುವಾಗ. ಕಟ್ಟಿ ಮೇಯಿಸಿದರೆ ಆ ದಾರಿ ಬಹುಪಾಲು ಮುಚ್ಚುತ್ತದೆ. ಹಿಕ್ಕೆ ಕೆಳಗೆ ಉದುರುವ ಅಟ್ಟಣಿಗೆ ನೆಲವಿದ್ದರೆ ಇನ್ನೂ ಒಳ್ಳೆಯದು. ನೆಲ ಒದ್ದೆಯಾಗಿದ್ದು ಮರಿಗಳು ಒತ್ತೊತ್ತಾಗಿದ್ದರೆ ಮಾತ್ರ ಕಾಕ್ಸಿಡಿಯಾ ಭೇದಿ ಹುಳುವಿನ ಜಾಗ ಹಿಡಿಯುತ್ತದೆ.

ಮದ್ದುಗಳಿಗೂ ಚರಿತ್ರೆಯಿದೆ. 1961ರಲ್ಲಿ ಥಯಾಬೆಂಡಜೋಲ್, 1981ರಲ್ಲಿ ಐವರ್ಮೆಕ್ಟಿನ್ ಬಂದಾಗ ಹುಳುವಿನ ಕಥೆ ಮುಗಿಯಿತು ಎಂದೇ ಜಗತ್ತು ನಂಬಿತ್ತು. ಮೂರು ತಿಂಗಳಿಗೊಮ್ಮೆ ಇಡೀ ಮಂದೆಗೆ ಕುಡಿಸುವ ಪದ್ಧತಿಯಿಂದ ಮದ್ದಿಗೆ ಬಗ್ಗದ ಹುಳುಗಳೇ ಉಳಿದು ಬೆಳೆದವು. 1990ರ ದಶಕದಲ್ಲಿ ದಕ್ಷಿಣ ಆಫ್ರಿಕದವರು ರೂಪಿಸಿದ ‘ಫಮಾಚ’ ವಿಧಾನ ಇದಕ್ಕೆ ಉತ್ತರ. ಕುರಿಯ ಕೆಳರೆಪ್ಪೆ ಬಿಡಿಸಿ ಬಣ್ಣದ ಚೀಟಿಗೆ ಹೋಲಿಸಿ ನೋಡಬೇಕು. ಕೆಂಪಗಿದ್ದರೆ ಮದ್ದು ಬೇಡ, ಬಿಳಿಚಿದ್ದರೆ ರಕ್ತ ಹೀರುವ ಹುಳುವಿದೆ, ಅದಕ್ಕೆ ಮಾತ್ರ ಮದ್ದು. ಚೀಟಿ ಅಗ್ಗ, ಕಲಿಯಲು ಅರ್ಧ ದಿನ ಸಾಕು.

ಉಳಿದಿರುವ ಕೆಲಸ

ಇಷ್ಟು ದೂರ ಬಂದ ಮೇಲೆ ಎಲ್ಲಿದ್ದೇವೆ? ಲಸಿಕೆ ಇದೆ, ಮೇವಿನ ಸೂತ್ರವಿದೆ. ಬೇಲಿ ಮೆಂತೆ, ಸುಬಾಬುಲ್, ಚೊಗಚೆಯಂಥ ಸೊಪ್ಪು ಬೆಳೆದುಕೊಂಡರೆ ಹಿಂಡಿಯ ಖರ್ಚು ತಗ್ಗುತ್ತದೆ. 100 ಕಿಲೊ ಒಣಹುಲ್ಲಿಗೆ 4 ಕಿಲೊ ಯೂರಿಯಾ ಕರಗಿಸಿದ ನೀರು ಚಿಮುಕಿಸಿ ಮೂರು ವಾರ ಮುಚ್ಚಿಡುವ ವಿಧಾನವನ್ನು 1980ರ ದಶಕದಿಂದ ಹೇಳಿಕೊಡುತ್ತ ಬಂದರೂ ರೈತರು ಅಷ್ಟಾಗಿ ಒಪ್ಪಲಿಲ್ಲ. ಶ್ರಮ ಈಗಲೇ ಬೀಳುತ್ತದೆ, ಫಲ ನಿಧಾನವಾಗಿ ಕಾಣುತ್ತದೆ. ಮೇವು ಕತ್ತರಿಸುವ ಯಂತ್ರ, ರಸಮೇವು ಮಾತ್ರ ಬೇಗ ಹರಡಿದವು. ಅವುಗಳ ಉಳಿತಾಯ ಕಣ್ಣೆದುರೇ ಕಾಣುತ್ತದೆ.

ತೀರಾ ಹಿಂದೆ ಬಿದ್ದಿರುವುದು ತೂಕ. ಮರಿ ಬೆಳೆದಂತೆ ಒಂದು ಹಂತದ ನಂತರ ತಿಂದದ್ದು ಮಾಂಸಕ್ಕಿಂತ ಕೊಬ್ಬಾಗಿ ಕೂರುತ್ತದೆ. ಕೊಬ್ಬು ಕಟ್ಟಲು ಮೇವು ಹೆಚ್ಚು ಬೇಕು. ಆ ಹಂತ ದಾಟಿದ ಪ್ರತಿ ದಿನ ನಷ್ಟದ ದಿನ. ಹದಿನೈದು ದಿನಕ್ಕೊಮ್ಮೆ ತೂಗದವನಿಗೆ ಅದು ತಿಳಿಯುವುದೇ ಇಲ್ಲ. ಮೈ ಇಳಿಯುತ್ತಿರುವ ಮರಿಯನ್ನು ರೋಗ ಬಲಿಯುವ ಮೊದಲೇ ತೋರಿಸಿಕೊಡುವುದೂ ತೂಕವೇ. ಇಷ್ಟಿದ್ದೂ ಹೆಚ್ಚಿನ ಸಂತೆಗಳಲ್ಲಿ ಕುರಿ ಮಾರಾಟವಾಗುವುದು ಬೆನ್ನು ಹಿಸುಕಿ ನೋಡುವ ಅಂದಾಜಿನ ಮೇಲೆ, ಟವೆಲ್ ಕೆಳಗೆ ಬೆರಳು ಹಿಡಿಯುವ ದಲ್ಲಾಳಿಯ ಮಾತಿನ ಮೇಲೆ. ಕಾಳನ್ನು ಗ್ರಾಂ ಲೆಕ್ಕದಲ್ಲಿ ಹಾಕಿ ಬೆಳೆಸಿದ್ದನ್ನು ಕಣ್ಣಳತೆಯಲ್ಲಿ ಮಾರಿದರೆ ಶ್ರಮದ ಒಂದು ಪಾಲು ಬೇರೆಯವರ ಜೇಬಿಗೆ ಹೋಗುತ್ತದೆ. ಸಹಾಯಧನದಲ್ಲಿ ಶೆಡ್ಡಿನ ಜೊತೆಗೆ ಒಂದು ತೂಕದ ಯಂತ್ರ ಕಡ್ಡಾಯವಾಗಲಿ, ಸಂತೆ ನಡೆಸುವ ಎ.ಪಿ.ಎಂ.ಸಿ.ಗಳು ಜೀವಂತ ತೂಕದ ಮೇಲೆ ದರ ಕಟ್ಟಲಿ. ಸಣ್ಣ ಶೆಡ್ಡಿನ ರೈತನಿಗೆ ಇವತ್ತು ಇನ್ನೊಂದು ಹೊಸ ಮದ್ದಿಗಿಂತ ಇದರಿಂದ ಹೆಚ್ಚು ಲಾಭ.