ಪಲ್ಯದ ಬಟ್ಟಲಿಗೆ ಬಂದ ಆಲೂಗಡ್ಡೆ



ನೆಂಟರು ಬರಲಿ, ಮಕ್ಕಳು ಶಾಲೆಯಿಂದ ಹಸಿದು ಬರಲಿ, ಕೈಗೆ ಮೊದಲು ಸಿಗುವ ತರಕಾರಿ ಆಲೂಗಡ್ಡೆ. ನಾಲ್ಕು ಗಡ್ಡೆ ಬೇಯಿಸಿ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಚಪಾತಿಗೂ ಸೈ, ದೋಸೆಗೂ ಸೈ, ಅನ್ನ ಸಾರಿನ ಪಕ್ಕಕ್ಕೂ ಸೈ. ಇದು ನಮ್ಮ ಮುತ್ತಾತಂದಿರ ಕಾಲದಿಂದ ಇದ್ದದ್ದೇ ಅಂತ ನಾವು ತಿಳಿದುಕೊಂಡಿದ್ದೇವೆ. ಆದರೆ ವಿಜಯನಗರದ ಕೃಷ್ಣದೇವರಾಯನ ಅರಮನೆಯಲ್ಲಿ ಕೂಡ ಆಲೂಗಡ್ಡೆ ಪಲ್ಯ ಇರಲಿಲ್ಲ. ಅವನಿಗೇನು ಹಣಕ್ಕೆ ಕೊರತೆಯೇ? ಅಲ್ಲ. ಗಡ್ಡೆಯೇ ಇನ್ನೂ ಈ ದೇಶಕ್ಕೆ ಬಂದಿರಲಿಲ್ಲ.

ಈ ಗಡ್ಡೆ ಎಲ್ಲಿಂದ ಬಂತು, ದಾರಿಯಲ್ಲಿ ಯಾರನ್ನು ಸಾಕಿತು, ಯಾರನ್ನು ಕೆಡವಿತು, ನಮ್ಮ ತಟ್ಟೆಯಲ್ಲಿ ಯಾವ ಜಾಗ ಹಿಡಿಯಿತು ಎಂಬುದನ್ನು ಇವತ್ತು ನೋಡೋಣ. ಕೊನೆಗೆ ಪಲ್ಯ ಮಾಡುವ ಕ್ರಮವನ್ನೂ ಹೇಳುತ್ತೇನೆ. ಇದು ಬರೀ ಹೊತ್ತು ಕಳೆಯುವ ಕಥೆಯಲ್ಲ. ಹೊಲದಲ್ಲಿ ಆಲೂಗಡ್ಡೆಗೆ ಎಷ್ಟು ಜಾಗ ಕೊಡಬೇಕು ಎಂಬ ಪ್ರಶ್ನೆಗೂ ಇದರಲ್ಲಿ ಉತ್ತರ ಉಂಟು.

ಹುಟ್ಟೂರು

ಆಲೂಗಡ್ಡೆಯ ಹುಟ್ಟೂರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಈಗಿನ ಪೆರು ಮತ್ತು ಬೊಲಿವಿಯ ದೇಶಗಳ ನಡುವೆ ಟಿಟಿಕಾಕ ಎಂಬ ದೊಡ್ಡ ಸರೋವರವಿದೆ. ಆ ಕಡೆಯ ಎತ್ತರದ ಜಾಗಗಳಲ್ಲಿ ಸುಮಾರು ಏಳೆಂಟು ಸಾವಿರ ವರ್ಷಗಳ ಹಿಂದೆಯೇ ಅಲ್ಲಿನ ರೈತರು ಕಾಡುಗಡ್ಡೆಯನ್ನು ಪಳಗಿಸಿದರು. ಅವರು ಇದನ್ನು 'ಪಾಪ' ಎಂದು ಕರೆಯುತ್ತಾರೆ.

ಆ ರೈತರ ಜಾಣತನ ನೋಡಿ. ಒಂದೇ ಹೊಲದಲ್ಲಿ ಹಲವು ಬಗೆಯ ಗಡ್ಡೆ ನೆಡುವುದು ಅವರ ಪದ್ಧತಿ. ಕೆಂಪು, ಹಳದಿ, ನೇರಳೆ, ಉದ್ದ, ಗುಂಡು, ಎಲ್ಲವೂ ಬೆರಕೆ. ಹಿಮ ಬಿದ್ದರೆ ಒಂದು ಬಗೆ ಉಳಿಯುತ್ತದೆ, ರೋಗ ಬಂದರೆ ಇನ್ನೊಂದು ಉಳಿಯುತ್ತದೆ. ಹೆಚ್ಚಾದ ಬೆಳೆಯನ್ನು ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲು ಬಿಸಿಲಿಗೆ ಹಾಕಿ, ಕಾಲಿನಿಂದ ತುಳಿದು ನೀರು ತೆಗೆದು ಒಣಗಿಸುತ್ತಾರೆ. ನಾವು ಸಂಡಿಗೆ ಒಣಗಿಸಿ ಡಬ್ಬಿಗೆ ಹಾಕಿದ ಹಾಗೆ. ಹೀಗೆ ಒಣಗಿಸಿದ ಗಡ್ಡೆಯ ಹೆಸರು 'ಚುನ್ಯೊ'. ವರ್ಷಗಟ್ಟಲೆ ಕೆಡುವುದಿಲ್ಲ.

ಯೂರೋಪಿನಲ್ಲಿ ಅನುಮಾನ

1532ರಲ್ಲಿ ಸ್ಪೇನಿನವರು ಪೆರುವಿನ ಮೇಲೆ ದಂಡೆತ್ತಿ ಹೋದರು. ಚಿನ್ನ, ಬೆಳ್ಳಿ ಹುಡುಕಿಕೊಂಡು ಹೋದವರು ಅವರು. ಆದರೆ ಮುಂದೆ ಲೋಕದ ಹೊಟ್ಟೆ ತುಂಬಿಸಿದ್ದು ಚಿನ್ನವಲ್ಲ, ಗಡ್ಡೆ. ಅದೇ ಶತಮಾನದ ಉತ್ತರಾರ್ಧದಲ್ಲಿ ಆಲೂಗಡ್ಡೆ ಯೂರೋಪಿಗೆ ಬಂತು.

ಬಂದ ಕೂಡಲೇ ಜನ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಮಣ್ಣಿನೊಳಗೆ ಬೆಳೆಯುವ ಈ ಗಂಟುಗಂಟಾದ ಪದಾರ್ಥ ತಿಂದರೆ ಕುಷ್ಠ ಬರುತ್ತದೆ ಎಂದು ಹೆದರಿದರು. ಫ್ರಾನ್ಸಿನಲ್ಲಿ 1748ರಲ್ಲಿ ಅದನ್ನು ಮನುಷ್ಯರ ಆಹಾರವಾಗಿ ಬಳಸಬಾರದೆಂದು ನಿಷೇಧವನ್ನೇ ಹಾಕಿದರು. ಪ್ರಷ್ಯದ ದೊರೆ ಫ್ರೆಡರಿಕ್ 1756ರಲ್ಲಿ ಬೆಳೆಯಲೇಬೇಕೆಂದು ಆಜ್ಞೆ ಹೊರಡಿಸಿದ. ಒಂದು ಕಡೆ ಬೇಡ ಎಂಬ ಕಾನೂನು, ಇನ್ನೊಂದು ಕಡೆ ಬೇಕು ಎಂಬ ಕಾನೂನು.

ಪಾರ್ಮೆಂಟಿಯೆ ಎಂಬ ಫ್ರಾನ್ಸಿನ ಔಷಧಗಾರ ಯುದ್ಧದಲ್ಲಿ ಪ್ರಷ್ಯದವರ ಕೈಗೆ ಸೆರೆ ಸಿಕ್ಕಿದ. ಸೆರೆಮನೆಯಲ್ಲಿ ಕೊಟ್ಟದ್ದು ಆಲೂಗಡ್ಡೆ. ತಿಂದು ಗಟ್ಟಿಮುಟ್ಟಾಗಿಯೇ ಇದ್ದ. ಊರಿಗೆ ಮರಳಿ, ಇದು ವಿಷವಲ್ಲ, ಬರಗಾಲದ ಬಂಧು ಎಂದು ಸಾರಿದ. 1772ರಲ್ಲಿ ನಿಷೇಧ ಹೋಯಿತು. ಅವನ ಬಗ್ಗೆ ಒಂದು ಕಥೆಯುಂಟು. ಪ್ಯಾರಿಸ್ಸಿನ ಹತ್ತಿರ ಆಲೂಗಡ್ಡೆ ಬೆಳೆದು, ಹಗಲು ಸಿಪಾಯಿಗಳನ್ನು ಕಾವಲಿಟ್ಟು, ರಾತ್ರಿ ಕಾವಲು ತೆಗೆಯುತ್ತಿದ್ದನಂತೆ. ಇಷ್ಟು ಕಾಯುವುದಾದರೆ ಬೆಲೆಯುಳ್ಳದ್ದೇ ಇರಬೇಕು ಎಂದು ಜನ ರಾತ್ರಿ ಕದ್ದು ಒಯ್ದು ತಮ್ಮ ಹಿತ್ತಲಲ್ಲಿ ನೆಟ್ಟರಂತೆ! ಕಥೆ ಹೇಗೇ ಇರಲಿ, ಆಜ್ಞೆಯಿಂದ ಬೆಳೆ ಹರಡುವುದಿಲ್ಲ, ನಂಬಿಕೆಯಿಂದ ಹರಡುತ್ತದೆ ಎಂಬ ಮಾತು ಮಾತ್ರ ನಿಜ.

ಐರ್ಲೆಂಡಿನ ಕಣ್ಣೀರು

ಇನ್ನು ಈ ಚರಿತ್ರೆಯ ದುಃಖದ ಭಾಗಕ್ಕೆ ಬರೋಣ. ಐರ್ಲೆಂಡ್ ಎಂಬ ಸಣ್ಣ ದ್ವೀಪದಲ್ಲಿ ಬಡ ಗೇಣಿದಾರರಿಗೆ ತುಂಡು ನೆಲ. ಆ ತುಂಡು ನೆಲದಲ್ಲಿ ಸಂಸಾರ ಸಾಗಿಸುವಷ್ಟು ಆಹಾರ ಕೊಡುವ ಬೆಳೆ ಆಲೂಗಡ್ಡೆಯೊಂದೇ. ಬೆಳೆದ ಧಾನ್ಯ ಧಣಿಯ ಗೇಣಿಗೆ ಹೋಗುತ್ತಿತ್ತು, ಗಡ್ಡೆ ಮನೆಗೆ ಉಳಿಯುತ್ತಿತ್ತು. ದುಡಿಯುವ ಗಂಡಾಳು ದಿನಕ್ಕೆ ನಾಲ್ಕೈದು ಕಿಲೋ ಗಡ್ಡೆ ತಿನ್ನುತ್ತಿದ್ದ. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ, ರಾತ್ರಿ ಅದೇ. ಬಡವರು ಹೆಚ್ಚಾಗಿ ನೆಡುತ್ತಿದ್ದದ್ದು 'ಲಂಪರ್' ಎಂಬ ಒಂದೇ ತಳಿ.

1845ರಲ್ಲಿ ಅಂಗಮಾರಿ ರೋಗ ಬಂತು. ಹಸಿರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಸುಟ್ಟ ಹಾಗೆ ಕಪ್ಪಾಗಿ ನಾರತೊಡಗಿತು. ಅಗೆದರೆ ಕೊಳೆತ ಗಡ್ಡೆ. ಮರುವರ್ಷ ಇನ್ನೂ ಹೆಚ್ಚು ನಾಶ. ಮುಂದಿನ ಐದಾರು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು. ಇನ್ನೂ ಸುಮಾರು 10 ಲಕ್ಷ ಜನ ಹಡಗು ಹತ್ತಿ ದೇಶ ಬಿಟ್ಟರು. ಆಗಲೂ ಆ ದೇಶದಿಂದ ಧಾನ್ಯ ಹೊರಗೆ ಮಾರಾಟವಾಗುತ್ತಿತ್ತು. ಹೊಲದಲ್ಲಿ ಒಂದೇ ತಳಿ, ತಟ್ಟೆಯಲ್ಲಿ ಒಂದೇ ಪದಾರ್ಥ, ನೆಲ ಬೇರೆಯವರದ್ದು. ಈ ಮೂರೂ ಸೇರಿದಾಗ ರೋಗವು ಕ್ಷಾಮವಾಯಿತು.

ರೋಗಕ್ಕೆ ಕಾರಣವಾದ ಜೀವಿಗೆ ವಿಜ್ಞಾನಿಗಳು ಇಟ್ಟ ಹೆಸರು 'ಫೈಟಾಫ್ತೊರ', ಅಂದರೆ ಗಿಡಗಳ ನಾಶಕ. ನಮ್ಮ ಮಲೆನಾಡಿನ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಬರುವ ಕೊಳೆರೋಗ ಇದರ ದಾಯಾದಿಯೇ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ರೂಢಿಗೆ ತಂದರು. ಐರ್ಲೆಂಡಿನ ಗೋಳಿಗೂ ತೀರ್ಥಹಳ್ಳಿಯ ಅಡಿಕೆಗೊನೆಗೂ ಹೀಗೊಂದು ನಂಟು.

ನಮ್ಮ ನಾಡಿಗೆ

ನಮ್ಮ ದೇಶಕ್ಕೆ ಆಲೂಗಡ್ಡೆ ತಂದವರು ಪೋರ್ಚುಗೀಸರು. ಪಶ್ಚಿಮ ಕರಾವಳಿಯಲ್ಲಿ ಅವರು ಬಿಟ್ಟುಹೋದ ಗುರುತು ಹೆಸರಿನಲ್ಲೇ ಉಂಟು. ನಮ್ಮ ಕರಾವಳಿಯವರು 'ಬಟಾಟೆ' ಅಂತಾರೆ, ಮರಾಠಿಯಲ್ಲೂ 'ಬಟಾಟಾ'. ಇದು ಕೆರಿಬಿಯನ್ ದ್ವೀಪದವರು ಗೆಣಸಿಗೆ ಇಟ್ಟಿದ್ದ ಹೆಸರು. 'ಆಲು' ಎಂಬುದು ಹಿಂದಿನಿಂದಲೂ ಗೆಡ್ಡೆಗೆಣಸುಗಳಿಗೆ ಇದ್ದ ಸಂಸ್ಕೃತದ ಮಾತು, ಹೊಸಬನಿಗೆ ಹಳೆಯ ಹೆಸರು ಅಂಟಿತು. ಹಳೇ ಮೈಸೂರಿನ ಕಡೆ ನಾವು 'ಉರ್ಲಗಡ್ಡೆ' ಅನ್ನುತ್ತೇವೆ, ಉರುಳುವ ಗಡ್ಡೆ ಎಂದು ಅರ್ಥ. ತಮಿಳಿನವರ 'ಉರುಳೈಕಿಳಂಗು' ಇದರ ಒಡಹುಟ್ಟು.

ಬ್ರಿಟಿಷರ ಕಾಲದಲ್ಲಿ ಬೇಸಾಯ ಬೆಟ್ಟಪ್ರದೇಶಗಳಿಗೆ ಹಬ್ಬಿತು. ನಮಗೆ ಹತ್ತಿರದ ನೀಲಗಿರಿಯಲ್ಲಿ 1820ರ ದಶಕದಲ್ಲಿ ಕಲೆಕ್ಟರ್ ಜಾನ್ ಸಲಿವನ್ ಆಲೂಗಡ್ಡೆ ಬೆಳೆಸಿದ. ಮುಂದೆ ಹಾಸನ, ಚಿಕ್ಕಬಳ್ಳಾಪುರ, ಕೋಲಾರ, ಬೆಳಗಾವಿ, ಧಾರವಾಡದ ಕಡೆಗಳಲ್ಲಿ ಇದು ರೈತರ ಬೆಳೆಯಾಯಿತು. ಹೊರಗಿನಿಂದ ಬಂದದ್ದು ಎಂಬ ಕಾರಣಕ್ಕೆ ಇಂದಿಗೂ ಹಲವು ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಆಲೂಗಡ್ಡೆ ಸಲ್ಲದು. ಆದರೆ ಮರುದಿನ ಅದೇ ಮನೆಯಲ್ಲಿ ಪಲ್ಯ ತಪ್ಪುವುದಿಲ್ಲ!

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ ಹೆಂಗಸರು ಆಲೂಗಡ್ಡೆಯನ್ನು ಮನೆಗೆ ಸೇರಿಸಿಕೊಂಡರು, ಆದರೆ ಮನೆಯ ಯಜಮಾನಿಕೆ ಕೊಡಲಿಲ್ಲ. ರಾಗಿಮುದ್ದೆ ತನ್ನ ಜಾಗದಲ್ಲಿತ್ತು, ಜೋಳದ ರೊಟ್ಟಿ, ಅನ್ನ, ಬೇಳೆಸಾರು ತಮ್ಮ ತಮ್ಮ ಜಾಗದಲ್ಲಿದ್ದವು. ಆಲೂಗಡ್ಡೆ ಪಕ್ಕದಲ್ಲಿ ಪಲ್ಯವಾಗಿ ಕೂತಿತು. ಐರ್ಲೆಂಡಿನಲ್ಲಿ ಅದು ಇಡೀ ತಟ್ಟೆಯಾಗಿತ್ತು, ನಮ್ಮಲ್ಲಿ ಒಂದು ಬಟ್ಟಲು. ಕ್ಷೇಮ ಇರುವುದು ಇದರಲ್ಲೇ.

ಪಲ್ಯ ಮಾಡುವ ಕ್ರಮ

ಐದು ಜನರ ಮನೆಗೆ ಮುಕ್ಕಾಲು ಕಿಲೋ ಗಡ್ಡೆ ಸಾಕು. ಸಿಪ್ಪೆ ತೆಗೆಯದೆ, ಹೆಚ್ಚದೆ, ತೊಳೆದು ಇಡಿಯಾಗಿ ಬೇಯಿಸಿ. ಹೆಚ್ಚಿ ಬೇಯಿಸಿದರೆ ಸಿ ಜೀವಸತ್ವ ನೀರಿಗೆ ಇಳಿದುಹೋಗುತ್ತದೆ, ಪಲ್ಯವೂ ನೀರುನೀರಾಗುತ್ತದೆ. ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಆಗ ಬಸಿದು, ಆರಿಸಿ, ಸಿಪ್ಪೆ ಸುಲಿದು ಕೈಯಲ್ಲೇ ಮುರಿಯಿರಿ. ಹಿಟ್ಟಿನ ಹಾಗೆ ನುರಿಯಬೇಡಿ, ಅಲ್ಲಲ್ಲಿ ಹೋಳು ಉಳಿಯಲಿ.

ಬಾಣಲೆಯಲ್ಲಿ ಎರಡು ಮೂರು ಚಮಚ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ. ಕಡಲೆಬೇಳೆ, ಉದ್ದಿನಬೇಳೆ ಕೆಂಪಗಾದ ಮೇಲೆ ಚಿಟಿಕೆ ಇಂಗು, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ ನಾಲ್ಕೈದು, ಜಜ್ಜಿದ ಶುಂಠಿ ಸ್ವಲ್ಪ. ಉದ್ದಕ್ಕೆ ಹೆಚ್ಚಿದ ಎರಡು ಈರುಳ್ಳಿ ಹಾಕಿ ಮೆತ್ತಗಾಗುವ ತನಕ ಬಾಡಿಸಿ. ಅರಿಸಿನ, ಉಪ್ಪು, ಕಾಲು ಲೋಟ ನೀರು ಹಾಕಿ ಕುದಿಸಿ, ಆಮೇಲೆ ಗಡ್ಡೆ ಹಾಕಿ ಕೈಯಾಡಿಸಿ ಮುಚ್ಚಿಡಿ. ಸಣ್ಣ ಉರಿಯಲ್ಲಿ ಐದು ನಿಮಿಷ. ಈ ನೀರಿನಿಂದಲೇ ಉಪ್ಪು ಖಾರ ಗಡ್ಡೆಯೊಳಕ್ಕೆ ಹಿಡಿಯುವುದು, ಮರೆಯಬೇಡಿ. ಇಳಿಸಿದ ಮೇಲೆ ನಿಂಬೆರಸ, ಕೊತ್ತಂಬರಿ ಸೊಪ್ಪು. ಒಲೆಯ ಮೇಲಿರುವಾಗ ನಿಂಬೆ ಹಿಂಡಿದರೆ ಕಹಿಯಾಗುತ್ತದೆ. ಬೇಕಾದವರು ಹಿಡಿ ಕಾಯಿತುರಿ ಹಾಕಬಹುದು.

ಈ ಬಾಣಲೆಯನ್ನೇ ನೋಡಿ. ಗಡ್ಡೆಯಂತೆ ಹಸಿಮೆಣಸಿನಕಾಯಿಯೂ ಅಮೆರಿಕದಿಂದ ಬಂದದ್ದು. ಕಡಲೆಕಾಯಿ ಎಣ್ಣೆ ಹಾಕಿದರೆ ಅದೂ ಅಲ್ಲಿಯದೇ. ಇಂಗು ಅಫಘಾನಿಸ್ತಾನ, ಇರಾನುಗಳ ಕಡೆಯದು. ಕರಿಬೇವು ನಮ್ಮದು. ಇಷ್ಟನ್ನೂ ಒಂದು ರುಚಿಯಾಗಿ ಹೊಂದಿಸಿದ ಕೈ ಮಾತ್ರ ನಮ್ಮ ತಾಯಂದಿರದು.

ಒಂದು ಎಚ್ಚರಿಕೆ. ಬೆಳಕಿಗೆ ಬಿದ್ದು ಹಸಿರಾದ ಗಡ್ಡೆಯಲ್ಲಿಯೂ ಮೊಳಕೆಯಲ್ಲಿಯೂ ಸೊಲನಿನ್ ಎಂಬ ವಿಷ ಸೇರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಕಹಿ ಗಡ್ಡೆಯನ್ನು, ಪೂರ್ತಿ ಹಸಿರಾದದ್ದನ್ನು ಎಸೆದುಬಿಡಿ, ದನಕ್ಕೂ ಹಾಕಬೇಡಿ. ಗಡ್ಡೆಯನ್ನು ಕತ್ತಲೆಯ, ಗಾಳಿಯಾಡುವ ಜಾಗದಲ್ಲಿ, ಈರುಳ್ಳಿಯಿಂದ ದೂರ ಇಡಿ.

ಹೊಲಕ್ಕೆ ಪಾಠ

ಸ್ವತಂತ್ರ ಭಾರತದಲ್ಲಿ 1949ರಲ್ಲಿ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಪಾಟ್ನಾದಲ್ಲಿ ಆರಂಭವಾಗಿ, 1956ರಲ್ಲಿ ಸಿಮ್ಲಾಕ್ಕೆ ಹೋಯಿತು. ಅವರು 1968ರಲ್ಲಿ ಕೊಟ್ಟ ತಳಿಯೇ ನಮ್ಮ ಹಾಸನದವರ ಬಾಯಲ್ಲಿರುವ 'ಕುಫ್ರಿ ಜ್ಯೋತಿ'. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರದಿಂದ ಬರುತ್ತದೆ. ಯಾಕೆ ಅಷ್ಟು ದೂರದಿಂದ? ಅಲ್ಲಿನ ಚಳಿಗಾಲದಲ್ಲಿ ನಂಜುರೋಗ ಹರಡುವ ಹೇನುಗಳ ಕಾಟ ಕಡಿಮೆ, ಗಡ್ಡೆ ಶುದ್ಧವಾಗಿ ಬರುತ್ತದೆ. ಬಂದಾಗ ಅಂಗಮಾರಿಯನ್ನು ತಡೆಯುತ್ತಿದ್ದ ಜ್ಯೋತಿ ತಳಿ ಈಗ ಅಷ್ಟು ತಡೆಯುವುದಿಲ್ಲ. ತಳಿ ನಿಂತಲ್ಲೇ ನಿಂತಿತು, ರೋಗಾಣು ಬದಲಾಯಿತು. ಮುಂಗಾರಿನಲ್ಲಿ ಮೋಡ ಕವಿದು ಜಡಿಮಳೆ ಹಿಡಿದರೆ ಎಲೆ ಸುಡುತ್ತದೆ, ಸಾಲ ಉಳಿಯುತ್ತದೆ. ಹಾಸನ ಸೀಮೆಯಲ್ಲಿ ಆಲೂಗಡ್ಡೆಯ ಬೇಸಾಯ ಹಿಂದಿಗಿಂತ ಬಹಳ ಇಳಿದಿರುವುದಕ್ಕೆ ಇದೂ ಒಂದು ಕಾರಣ.

ಆದುದರಿಂದ ಮೂರು ಮಾತು ಹೇಳಿ ಮುಗಿಸುತ್ತೇನೆ. ಒಂದು, ಇರುವ ಜಮೀನನ್ನೆಲ್ಲಾ ಆಲೂಗಡ್ಡೆಗೆ ಹಾಕಬೇಡಿ. ಮನೆಯ ರಾಗಿಗೆ, ಅವರೆಗೆ, ಹುರುಳಿಗೆ ನೆಲ ಉಳಿಸಿ. ಎರಡು, ಖಾತ್ರಿಯಾದ ಬಿತ್ತನೆ ಗಡ್ಡೆಯನ್ನೇ ಉಪಚರಿಸಿ ನೆಡಿ. ಟೊಮೇಟೊ, ಬದನೆ, ಮೆಣಸಿನಕಾಯಿ ಅದರ ಒಂದೇ ಕುಲದವು. ಅವು ಬೆಳೆದ ನೆಲಕ್ಕೆ ಅದರ ಬೆನ್ನಿಗೇ ಆಲೂಗಡ್ಡೆ ಬೇಡ. ಮೂರು, ಮೋಡ ಕವಿದ ಹವೆ ಕಂಡ ಕೂಡಲೇ, ಎಲೆಯ ಮೇಲೆ ಮಚ್ಚೆ ಬೀಳುವ ಮೊದಲೇ, ಕೃಷಿ ಅಥವಾ ತೋಟಗಾರಿಕೆ ಇಲಾಖೆಯವರನ್ನು ಕೇಳಿ ಔಷಧ ಸಿಂಪಡಿಸಿ. ಮಚ್ಚೆ ಬಿದ್ದ ಮೇಲೆ ಓಡಾಡಿದರೆ ಮನೆ ಹೊತ್ತಿದ ಮೇಲೆ ಬಾವಿ ತೋಡಿದ ಹಾಗೆ.

ಅಡಿಗೆಮನೆಯಲ್ಲಿ ನಮ್ಮ ಹೆಂಗಸರು ಆಲೂಗಡ್ಡೆಗೆ ಕೊಟ್ಟ ಜಾಗವನ್ನೇ ಹೊಲದಲ್ಲಿ ನಾವೂ ಕೊಡೋಣ. ಪಕ್ಕದಲ್ಲಿದ್ದರೆ ಅದು ಸಿರಿ, ಅದೊಂದೇ ಇದ್ದರೆ ಸಂಕಟ.